ನಾಯಿಯ ಚರ್ಮವೂ ಸತುವಿನ ಕೊರತೆಯೂ



ಹೋದ ವರ್ಷ ಮಳೆಗಾಲವು ಮುಗಿಯುತ್ತ ಬಂದಾಗ ನಮ್ಮ ಶಾಲೆಯ ಎಂಟನೆಯ ವರ್ಗದ ವಿದ್ಯಾರ್ಥಿಯೊಬ್ಬನು ವಿಜ್ಞಾನದ ತಾಸಿನಲ್ಲಿ ಎದ್ದು ನಿಂತು, "ಗುರುಗಳೇ, ಕಜ್ಜಿ ಹತ್ತಿದ ನಾಯಿಮರಿಯನ್ನು ಹಳ್ಳದ ಆಚೆ ಬಿಟ್ಟು ಬಂದರೆ ಅದು ಬದುಕುವದೇ?" ಎಂದು ಕೇಳಿದನು. ಆ ದಿನದ ಪಾಠವು ಲೋಹ ಮತ್ತು ಅಲೋಹಗಳನ್ನು ಕುರಿತದ್ದು. ಪಾಠಕ್ಕೂ ಪ್ರಶ್ನೆಗೂ ಸಂಬಂಧವಿಲ್ಲವೆಂದು ಉಳಿದ ಹುಡುಗರು ನಕ್ಕುಬಿಟ್ಟರು. ನಾನೂ ಹಾಗೆಯೇ ತಿಳಿದಿದ್ದೆನೆಂಬದನ್ನು ಇಲ್ಲಿ ಮುಚ್ಚಿಡಲಾರೆ. ಆದರೆ ಆ ಪ್ರಶ್ನೆಯ ಉತ್ತರವು ಆ ದಿನದ ಪಾಠದೊಳಗೇ ಅಡಗಿತ್ತೆಂಬದು ಎಂಟು ದಿವಸಗಳ ನಂತರ ನಮಗೆಲ್ಲ ತಿಳಿದುಬಂದಿತು.

ಸಂಗತಿಯು ಇಷ್ಟು. ಹುಡುಗನ ಸೋದರಮಾವನು ಪುಣೆಯಿಂದ ಗ್ರೇಟ್ ಡೇನ್ ಎಂಬ ದೊಡ್ಡ ತಳಿಯ ಮರಿಯೊಂದನ್ನು ತಂದುಕೊಟ್ಟಿದ್ದನು. ಮನೆಯವರು ಅದನ್ನು ಬಹು ಅಕ್ಕರೆಯಿಂದ ಸಾಕಿದರು. ದಿನಕ್ಕೆ ಮೂರು ಹೊತ್ತು ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. ಎಲುಬು ಗಟ್ಟಿಯಾಗಲೆಂದು ಔಷಧದ ಅಂಗಡಿಯಿಂದ ತಂದ ಸುಣ್ಣಾಂಶದ, ಎಂದರೆ ಕ್ಯಾಲ್ಸಿಯಮ್ಮಿನ, ಪುಡಿ ಚಮಚೆಗಟ್ಟಲೆ. ಮರಿಯು ಎತ್ತರಕ್ಕೆ ಬೆಳೆಯಿತು. ಐದನೆಯ ತಿಂಗಳಲ್ಲಿ ಅದರ ಕಣ್ಣುಗಳ ಸುತ್ತಲೂ ಕೂದಲು ಉದುರಿ ಚರ್ಮವು ಕೆಂಪಾಯಿತು. ಬಳಿಕ ತುಟಿಗಳ ಅಂಚಿನಲ್ಲಿಯೂ ಮೊಣಕೈಗಳ ಮೇಲೆಯೂ ದಪ್ಪ ಹೊಕ್ಕಳೆಗಳು ಎದ್ದವು. ಅಂಗಾಲುಗಳು ಒಣಗಿ ಬಿರುಕು ಬಿಟ್ಟವು. ನೆರೆಯವರು ಇದು ಕಜ್ಜಿಯೆಂದು ನಿರ್ಣಯಿಸಿದರು. ಒಬ್ಬರು ಗಂಧಕವನ್ನು ಹಚ್ಚಿರೆಂದರು. ಇನ್ನೊಬ್ಬರು ಮೋಟಾರಿನಲ್ಲಿ ಉರಿದು ಕಪ್ಪಾದ ಎಣ್ಣೆಯನ್ನು ತಂದುಕೊಟ್ಟರು. ಎರಡೂ ಆದವು. ಮರಿಯು ಆ ಎಣ್ಣೆಯನ್ನು ನೆಕ್ಕಿ ಎರಡು ದಿನ ವಾಂತಿ ಮಾಡಿಕೊಂಡಿತೇ ಹೊರತು ಹೊಕ್ಕಳೆಗಳು ಕಡಿಮೆಯಾಗಲಿಲ್ಲ. ಮನೆಯಲ್ಲಿ ಕೂಸು ಇದ್ದುದರಿಂದ, ರೋಗವು ಅದಕ್ಕೆ ಹತ್ತೀತೆಂಬ ಭಯದಿಂದ, ಮರಿಯನ್ನು ಹಳ್ಳದ ಆಚೆ ಬಿಡುವ ವಿಚಾರ ನಡೆದಿತ್ತು.

ಬಿಡುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿರೆಂದು ನಾನು ಹೇಳಿದೆನು. ವೈದ್ಯರು ಚರ್ಮವನ್ನು ಅಲಗಿನಿಂದ ಮೆಲ್ಲನೆ ಕೆರೆದು, ಬಂದ ಹೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಜ್ಜಿಯ ನುಸಿಯಾಗಲಿ ಬೂಷ್ಟಾಗಲಿ ಕಾಣಲಿಲ್ಲ. ಆಗ ಅವರು ಔಷಧವನ್ನು ಬರೆಯುವ ಬದಲು, "ಇದಕ್ಕೆ ತಿನ್ನಲು ಏನು ಹಾಕುವಿರಿ?" ಎಂದು ಕೇಳಿದರು. ರೋಗದ ಮೂಲವು ಆ ಒಂದು ಪ್ರಶ್ನೆಯಲ್ಲಿಯೇ ಸಿಕ್ಕಿತು. ಮರಿಗೆ ಸತುವಿನ ಕೊರತೆಯಾಗಿತ್ತು.

ಸತುವು ನಿಮಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಝಿಂಕ್, ಮರಾಠಿಯಲ್ಲಿ ಜಸ್ತ. ಕಬ್ಬಿಣದ ತಗಡಿಗೆ ತುಕ್ಕು ಹಿಡಿಯದಂತೆ ಅದರ ಲೇಪ ಕೊಡುವರು. ಬ್ಯಾಟರಿಯ ಸಾಮಾನ್ಯ ಶುಷ್ಕಕೋಶದ ಹೊರಗಿನ ಡಬ್ಬಿಯು ಅದರದೇ. ರಾಜಸ್ಥಾನದ ಉದಯಪುರದ ಬಳಿ ಇರುವ ಜಾವರದಲ್ಲಿ ನಮ್ಮ ಪೂರ್ವಜರು ಯುರೋಪಿನವರಿಗಿಂತ ಶತಮಾನಗಳ ಮೊದಲೇ ಈ ಲೋಹವನ್ನು ಭಟ್ಟಿಯಿಳಿಸಿ ತೆಗೆಯುತ್ತಿದ್ದರು. ಆದರೆ ತಗಡಿಗೆ ಬಳಿಯುವ ಈ ಲೋಹವು ಪ್ರಾಣಿಯ ದೇಹಕ್ಕೆ ಏತಕ್ಕೆ ಬೇಕು?

ಬಹಳ ಬೇಡ; ಆದರೆ ಇಲ್ಲದೆ ಸಾಗದು. ಪ್ರಾಯದ ಮನುಷ್ಯನ ದೇಹದಲ್ಲೆಲ್ಲ ಕೂಡಿ ಸತುವು ಇರುವದು ಸುಮಾರು 2 ಗ್ರಾಮು ಮಾತ್ರ. ಇಷ್ಟು ಅಲ್ಪವಾದ ವಸ್ತುವು ಮುನ್ನೂರಕ್ಕೂ ಹೆಚ್ಚು ಕಿಣ್ವಗಳ ಕೆಲಸಕ್ಕೆ ಆಧಾರವಾಗಿದೆ. ಕಿಣ್ವಗಳೆಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳು. ಒಂದು ಜೀವಕೋಶವು ಎರಡಾಗಿ ಒಡೆಯಬೇಕಾದರೆ ಅದರ ಕೇಂದ್ರದಲ್ಲಿಯ ಆನುವಂಶಿಕ ದ್ರವ್ಯದ ನಕಲು ಆಗಬೇಕು. ಆ ನಕಲು ಮಾಡುವ ಕಿಣ್ವಗಳಿಗೆ ಸತುವು ಬೇಕು. ಆದುದರಿಂದ ಎಲ್ಲಿ ಜೀವಕೋಶಗಳು ಬೇಗ ಬೇಗ ಹುಟ್ಟುವವೋ ಅಲ್ಲಿ ಕೊರತೆಯು ಮೊದಲು ಕಾಣುವದು. ಅಂಥ ಜಾಗಗಳಲ್ಲಿ ಚರ್ಮವು ಮುಖ್ಯವಾದದ್ದು.

ಚರ್ಮವು ಗೋಡೆಯಂತೆ ಒಮ್ಮೆ ಕಟ್ಟಿ ಮುಗಿಸಿದ್ದಲ್ಲ. ಅದು ದಿನವೂ ಕೆಳಗಿನಿಂದ ಹುಟ್ಟುತ್ತ ಮೇಲಿನಿಂದ ಉದುರುತ್ತ ಇರುವದು. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುವದು. ಸರಿಯುತ್ತ ಸರಿಯುತ್ತ ತನ್ನ ಕೇಂದ್ರವನ್ನು ಕಳೆದುಕೊಂಡು, ಚಪ್ಪಟೆಯಾಗಿ, ಉಗುರು ಕೊಂಬುಗಳಲ್ಲಿರುವಂಥ ಕೆರಾಟಿನ್ ಎಂಬ ಗಟ್ಟಿ ಪದಾರ್ಥದಿಂದ ತುಂಬಿ, ಕೊನೆಗೆ ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುವದು. ನಾಯಿಯಲ್ಲಿ ಈ ಪ್ರಯಾಣಕ್ಕೆ ಸುಮಾರು ಮೂರು ವಾರ ಹಿಡಿಯುವದು. ಸತುವು ಸಾಲದಿದ್ದಾಗ ಜೀವಕೋಶಗಳು ಪಕ್ವವಾಗದೆ, ತಮ್ಮ ಕೇಂದ್ರವನ್ನು ಇನ್ನೂ ಇಟ್ಟುಕೊಂಡೇ ಮೇಲಕ್ಕೆ ಬಂದು ಸೇರುವವು. ಹಸಿಯ ಇಟ್ಟಿಗೆಗಳನ್ನು ಭಟ್ಟಿಯಿಂದ ಬೇಗ ತೆಗೆದು ಗೋಡೆಗೆ ಹಚ್ಚಿದಂತೆ! ಅವು ಸರಿಯಾಗಿ ಉದುರುವದಿಲ್ಲ. ಒಂದರ ಮೇಲೊಂದು ಕೂಡಿ ಹೊಕ್ಕಳೆಯಾಗುವವು. ವೈದ್ಯರು ಇದಕ್ಕೆ ಪ್ಯಾರಾಕೆರಟೋಸಿಸ್ ಎನ್ನುವರು. ಕಣ್ಣು, ತುಟಿ, ಕಿವಿಗಳ ಅಂಚು, ನೆಲಕ್ಕೆ ಒತ್ತುವ ಮೊಣಕೈ ಮತ್ತು ಹಿಂಗಾಲಿನ ಹರಡು, ಅಂಗಾಲು, ಇವು ಸದಾ ತಿಕ್ಕಾಟ ಒತ್ತಾಟಗಳಿಗೆ ಒಳಗಾದ ಜಾಗಗಳಾದುದರಿಂದ ರೋಗವು ಅಲ್ಲಿ ಹೆಚ್ಚಾಗಿ ತೋರುವದು.

ಆದರೆ ಇಲ್ಲಿ ಒಂದು ಸಂದೇಹ ಏಳುವದು. ಮರಿಗೆ ಹೊಟ್ಟೆ ತುಂಬ ಆಹಾರ ಸಿಗುತ್ತಿತ್ತು. ಉಪವಾಸವಿಲ್ಲದ ಮನೆಯಲ್ಲಿ ಕೊರತೆ ಎಲ್ಲಿಯದು?

ಲೆಕ್ಕ ಮಾಡಿ ನೋಡೋಣ. ಬೆಳೆಯುವ ಮರಿಯ ಆಹಾರದಲ್ಲಿ, ನೀರಿನಂಶವನ್ನು ಬಿಟ್ಟು ಒಣ ತೂಕದ ಪ್ರತಿ ಕಿಲೋಗ್ರಾಮಿಗೆ, 100 ಮಿಲಿಗ್ರಾಮಾದರೂ ಸತುವಿರಬೇಕೆಂದು ಅಮೇರಿಕೆಯ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಪಡಿಸಿದೆ. ನಮ್ಮ ಜೋಳದ ಒಂದು ಕಿಲೋಗ್ರಾಮಿನಲ್ಲಿ ಇರುವದು ಸುಮಾರು 20 ಮಿಲಿಗ್ರಾಮು. ಹಾಲಿನ ಒಂದು ಲೀಟರಿನಲ್ಲಿ ಸುಮಾರು 4 ಮಿಲಿಗ್ರಾಮು. ಎಂದರೆ ಹೊಟ್ಟೆ ತುಂಬಿದರೂ ಸತುವಿನ ಪಾಲಿಗೆ ಅದು ಅರೆಹೊಟ್ಟೆಗಿಂತಲೂ ಕಡಿಮೆ.

ಇಷ್ಟೇ ಆಗಿದ್ದರೆ ಸರಿ. ಇದ್ದ ಅಲ್ಪಸ್ವಲ್ಪವೂ ದೇಹಕ್ಕೆ ದಕ್ಕುವದಿಲ್ಲವೆಂಬದೇ ಈ ಪ್ರಕರಣದ ಮುಖ್ಯ ಅಂಶ. ಜೋಳ, ಗೋದಿ, ಸಜ್ಜೆ, ಬೇಳೆಗಳು ಮುಂದೆ ಮೊಳಕೆಯೊಡೆಯುವ ಸಲುವಾಗಿ ತಮ್ಮೊಳಗೆ ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡಿರುವವು. ಸಸ್ಯಕ್ಕೆ ಅದು ಗಂಟು. ತಿನ್ನುವ ಪ್ರಾಣಿಗೆ ಅದು ತೊಡಕು. ಈ ಆಮ್ಲವು ಕರುಳಿನಲ್ಲಿ ಸತುವನ್ನು ಹಿಡಿದುಕೊಂಡು ಕರಗದ ಗಂಟಾಗುವದು, ಕರಗದ್ದು ರಕ್ತಕ್ಕೆ ಸೇರುವದಿಲ್ಲ, ಮಲದೊಡನೆ ಹೊರಟುಹೋಗುವದು. ಇದಕ್ಕೆ ಸುಣ್ಣಾಂಶವು ಕೂಡಿದರಂತೂ ಗಂಟು ಇನ್ನೂ ಬಿಗಿಯಾಗುವದು. ಎಲುಬಿಗೆ ಒಳ್ಳೆಯದೆಂದು ಹಾಕಿದ ಕ್ಯಾಲ್ಸಿಯಮ್ಮಿನ ಪುಡಿಯೇ ಚರ್ಮಕ್ಕೆ ಬೇಕಾದ ಸತುವನ್ನು ಕಟ್ಟಿಹಾಕಿತು. ಮೇಲಾಗಿ ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಾದ ಕ್ಯಾಲ್ಸಿಯಮ್ಮು ಎಲುಬುಗಳನ್ನೇ ವಿಕಾರಗೊಳಿಸುವದುಂಟು. ಅಕ್ಕರೆಯು ಅಳತೆ ಮೀರಿದ್ದರಿಂದ ಆದ ಅನರ್ಥವಿದು!

"ನಮ್ಮ ಅಜ್ಜನ ಕಾಲದಿಂದಲೂ ನಾಯಿಗಳು ರೊಟ್ಟಿ ತಿಂದೇ ಬದುಕಿಲ್ಲವೆ?" ಎಂದು ಪಾಲಕರಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಯಿಯು ಮನುಷ್ಯನ ಸಹವಾಸದಲ್ಲಿ ಸಾವಿರಾರು ವರ್ಷ ಬಾಳಿ, ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ತೋಳಕ್ಕಿಂತ ಬಹಳ ಹೆಚ್ಚಾಗಿ ಪಡೆದಿದೆಯೆಂದು 2013 ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆದುದರಿಂದ ರೊಟ್ಟಿಯು ನಾಯಿಗೆ ವಿಷವಲ್ಲ. ಆದರೆ ಫೈಟಿಕ್ ಆಮ್ಲವನ್ನು ಒಡೆಯುವ ಕಿಣ್ವವು ಅದಕ್ಕೆ ಸಾಕಷ್ಟಿಲ್ಲ. ಆಕಳು, ಕುರಿ, ಆಡುಗಳಿಗೆ ಈ ತೊಂದರೆಯು ಅಷ್ಟಿಲ್ಲ. ಅವುಗಳ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮ ಜೀವಿಗಳು ಆ ಕೆಲಸವನ್ನು ಮಾಡಿಕೊಡುವವು. ಇನ್ನು ಕುರಿಗಾರರ ನಾಯಿಯು ರೊಟ್ಟಿಯ ಜೊತೆಗೆ ಇಲಿ, ಮೊಲ, ಎಲುಬು, ಕೊಯ್ದ ಕುರಿಯ ಉಳಿಕೆ, ಏನು ಸಿಕ್ಕರೆ ಅದನ್ನು ತಿನ್ನುವದು. ಅದಕ್ಕೆ ಔಷಧದ ಅಂಗಡಿಯ ಪುಡಿಯನ್ನು ಯಾರೂ ಹಾಕುವದಿಲ್ಲ. ಅದರ ಮೈಯೂ ಹಗುರ. ಕೆಲವೇ ತಿಂಗಳಲ್ಲಿ ಕರುವಿನಷ್ಟಾಗುವ ಪರದೇಶೀ ತಳಿಯ ಮರಿಯ ಅವಶ್ಯಕತೆಯೇ ಬೇರೆ.

ಈ ಜ್ಞಾನವು ಒಂದೇ ದಿನದಲ್ಲಿ ಬಂದುದಲ್ಲ. 1869 ರಲ್ಲಿ ಫ್ರಾನ್ಸಿನ ರೋಲಾಂ ಎಂಬ ವಿಜ್ಞಾನಿಯು ರೊಟ್ಟಿಯ ಮೇಲೆ ಬೆಳೆಯುವ ಕಪ್ಪು ಬೂಷ್ಟಿನ ಜಾತಿಯೊಂದು ಸತುವಿಲ್ಲದೆ ಬೆಳೆಯಲಾರದೆಂದು ತೋರಿಸಿದನು. ಪ್ರಾಣಿಗಳಿಗೂ ಅದು ಅವಶ್ಯವೆಂದು 1934 ರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್‌ದಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಸಿದ್ಧವಾಯಿತು. ಆದರೂ, ಎಲ್ಲ ಆಹಾರದಲ್ಲಿಯೂ ಸತುವು ಇಷ್ಟಾದರೂ ಇರುವದರಿಂದ ನಿಜ ಜೀವನದಲ್ಲಿ ಕೊರತೆ ಸಂಭವಿಸದೆಂದೇ ಪಂಡಿತರು ನಂಬಿದ್ದರು. ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟದ್ದು ಹಂದಿ. ಅಮೇರಿಕೆಯಲ್ಲಿ ಧಾನ್ಯ, ಸೋಯಾ ಹಿಂಡಿ ಮತ್ತು ಸುಣ್ಣಾಂಶಗಳ ಮೇಲೆ ಬೆಳೆಸಿದ ಹಂದಿಗಳ ಮೈಮೇಲೆ ಹೊಕ್ಕಳೆಗಳು ಏಳುತ್ತಿದ್ದವು. 1955 ರಲ್ಲಿ ಟಕ್ಕರ್ ಮತ್ತು ಸ್ಯಾಮನ್ ಎಂಬಿಬ್ಬರು ಅಲ್ಪ ಪ್ರಮಾಣದ ಸತುವಿನಿಂದ ಅದು ವಾಸಿಯಾಗುವದೆಂದು ಕಂಡುಕೊಂಡರು. ನಾಯಿಗಳಲ್ಲಿಯ ಕೊರತೆಯನ್ನು ಪ್ರಯೋಗದಿಂದ ವರ್ಣಿಸಿದ ಪ್ರಬಂಧವು 1963 ರಲ್ಲಿ ಪ್ರಕಟವಾಯಿತು.

ಮನುಷ್ಯನ ವಿಷಯದಲ್ಲಿ ಕೀರ್ತಿಯು ನಮ್ಮ ದೇಶದವನೊಬ್ಬನಿಗೆ ಸಲ್ಲತಕ್ಕದ್ದು. ಬಿಹಾರದ ಬಕ್ಸಾರದಲ್ಲಿ 1928 ರಲ್ಲಿ ಜನಿಸಿದ ಡಾ. ಆನಂದ ಪ್ರಸಾದರು 1958 ರಲ್ಲಿ ಇರಾಣದ ಶಿರಾಜ ಪಟ್ಟಣದಲ್ಲಿದ್ದಾಗ, ಇಪ್ಪತ್ತೊಂದು ವರ್ಷದವನಾದರೂ ಹತ್ತು ವರ್ಷದ ಬಾಲಕನಂತೆ ಕಾಣುತ್ತಿದ್ದ ರೋಗಿಯೊಬ್ಬನನ್ನು ಕಂಡರು. ಅವನ ಆಹಾರವು ಹೆಚ್ಚಾಗಿ ಹುಳಿ ಬರಿಸದ ಗೋದಿಯ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಟ. ಸತುವಿನ ಕೊರತೆಯೇ ಆ ಕುಂಠಿತಕ್ಕೆ ಕಾರಣವಾಗಿರಬಹುದೆಂದು 1961 ರಲ್ಲಿ ಅವರು ಸೂಚಿಸಿದಾಗ ಒಪ್ಪಿದವರು ಕಡಿಮೆ. ಮುಂದೆ ಈಜಿಪ್ತ ದೇಶದಲ್ಲಿ ಅವರು ನಡೆಸಿದ ಅಭ್ಯಾಸಗಳಿಂದ ಅದು ನಿಜವಾಯಿತು. 2022 ರಲ್ಲಿ ಅವರು ತೀರಿಕೊಂಡರು. ಈಗ ಮಕ್ಕಳಿಗೆ ಭೇದಿಯಾದಾಗ ಲವಣ-ಸಕ್ಕರೆಯ ಪುಡಿಯೊಡನೆ ಆಶಾ ಕಾರ್ಯಕರ್ತೆಯರು ಕೊಡುವ ಸಣ್ಣ ಗುಳಿಗೆಯು ಸತುವಿನದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಮಿನಂತೆ 10 ರಿಂದ 14 ದಿನ ಕೊಡಬೇಕೆಂದು 2004 ರಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯೂ ಯುನಿಸೆಫೂ ಕೂಡಿ ಸಲಹೆ ಕೊಟ್ಟವು. ಭೇದಿ ನಿಂತಿತೆಂದು ಮೂರನೆಯ ದಿನವೇ ಗುಳಿಗೆಯನ್ನು ನಿಲ್ಲಿಸುವ ತಾಯಂದಿರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ನಾಯಿಗಳ ಕಡೆಗೆ ಮರಳೋಣ. ಇವುಗಳಲ್ಲಿ ಈ ರೋಗವು ಎರಡು ಬಗೆಯಾಗಿದೆ. ನಮ್ಮ ವಿದ್ಯಾರ್ಥಿಯ ಮರಿಯದು ಆಹಾರದೋಷದಿಂದ ಬಂದದ್ದು. ಆಹಾರವನ್ನು ತಿದ್ದಿದರೆ ಕೆಲವು ವಾರಗಳಲ್ಲಿ ಹೋಗುವದು. ಇನ್ನೊಂದು ಹುಟ್ಟಿನಿಂದಲೇ ಬಂದದ್ದು. ಸೈಬೀರಿಯಾದ ಹಸ್ಕಿ, ಅಲಾಸ್ಕಾದ ಮಾಲಮ್ಯೂಟ್ ಎಂಬ ಹಿಮಪ್ರದೇಶದ ತಳಿಗಳ ಕೆಲವು ನಾಯಿಗಳಲ್ಲಿ ಕರುಳು ಸತುವನ್ನು ಹೀರಿಕೊಳ್ಳುವ ಶಕ್ತಿಯಲ್ಲಿಯೇ ಊನವಿರುವದು. ಅವಕ್ಕೆ ಎಷ್ಟು ಒಳ್ಳೆಯ ಆಹಾರ ಹಾಕಿದರೂ ಸಾಲದು. ಬಹುತೇಕ ಜನ್ಮವಿಡೀ ಸತುವಿನ ಔಷಧ ಕೊಡಬೇಕಾಗುವದು. ಮಂಜಿನ ಮೇಲೆ ಗಾಡಿಯೆಳೆಯಲು ಹುಟ್ಟಿದ ಈ ನಾಯಿಗಳನ್ನು ನಮ್ಮ ಬಿಸಿಲುನಾಡಿನ ಪಟ್ಟಣಗಳಲ್ಲಿಯೂ ಈಗ ಸಾಕುವರು. ಅದು ಸರಿಯೋ ತಪ್ಪೋ ಎಂದು ನಾಯಿಯನ್ನು ಕೇಳಿದರೆ ಏನು ಹೇಳೀತೋ!

ಈ ಔಷಧದ ಪ್ರಮಾಣದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಮೇಲಿನ ವರ್ಗದ ವಿದ್ಯಾರ್ಥಿಗಳು ಬಿಡಿಸಿ ನೋಡಬೇಕು. ಹುಟ್ಟು ಊನದ ನಾಯಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 2 ರಿಂದ 3 ಮಿಲಿಗ್ರಾಮು ಶುದ್ಧ ಸತುವನ್ನು ಕೊಡುವ ರೂಢಿಯಿದೆ. 20 ಕಿಲೋಗ್ರಾಮಿನ ನಾಯಿಗೆ 40 ರಿಂದ 60 ಮಿಲಿಗ್ರಾಮಾಯಿತು. ಆದರೆ ಗುಳಿಗೆಯಲ್ಲಿ ಇರುವದು ಲೋಹವಲ್ಲ, ಲವಣ. ಏಳು ಅಣು ನೀರುಳ್ಳ ಸತುವಿನ ಸಲ್ಫೇಟಿನ ಅಣುತೂಕ ಸುಮಾರು 287.5, ಅದರಲ್ಲಿ ಸತುವಿನ ಪಾಲು 65.4. ಎಂದರೆ ನೂರಕ್ಕೆ 23 ರ ಸಮೀಪ. ಆದುದರಿಂದ 220 ಮಿಲಿಗ್ರಾಮಿನ ಗುಳಿಗೆಯಲ್ಲಿ ಸತುವು ಸುಮಾರು 50 ಮಿಲಿಗ್ರಾಮು ಮಾತ್ರ. ಲವಣದ ತೂಕವನ್ನೇ ಲೋಹದ ತೂಕವೆಂದು ತಿಳಿದರೆ ಔಷಧವು ಕಾಲುಪಾಲಿಗೂ ಕಡಿಮೆಯಾದೀತು. ತಿರುಗಾಮುರುಗಾ ತಿಳಿದರೆ ನಾಲ್ಕು ಪಟ್ಟು ಹೆಚ್ಚಾದೀತು. ಈ ಲೆಕ್ಕವು ವೈದ್ಯರ ಕೆಲಸ, ನಿಮ್ಮದು ಅರ್ಥಮಾಡಿಕೊಳ್ಳುವದು.

ಏಕೆಂದರೆ ಸತುವು ಹೆಚ್ಚಾದರೂ ಕೇಡು. ವಾಂತಿಯಾಗುವದು, ರಕ್ತದ ಕೆಂಪು ಕಣಗಳು ಒಡೆದು ನಾಯಿಯು ಸಾಯಲೂಬಹುದು, ಬಹುದಿನ ಹೆಚ್ಚಾಗಿ ಕೊಟ್ಟರೆ ತಾಮ್ರದ ಹೀರುವಿಕೆಗೆ ಅಡ್ಡಿಯಾಗುವದು. ಅಮೇರಿಕೆಯ ಒಂದು ಸೆಂಟಿನ ನಾಣ್ಯವು 1982 ರಿಂದ ಬಹುಪಾಲು ಸತುವಿನದಾದುದರಿಂದ, ಅದನ್ನು ನುಂಗಿದ ನಾಯಿಗಳು ಈ ರೀತಿಯಾಗಿ ಸತ್ತ ಉದಾಹರಣೆಗಳಿವೆ. ನಮ್ಮಲ್ಲಿ ಅಂಜಿಕೆಯು ಬೇರೆ ಕಡೆಯಿಂದ. ಹೊಲಕ್ಕೆ ಹಾಕುವ ಝಿಂಕ್ ಸಲ್ಫೇಟಿನ ಚೀಲವು ಅನೇಕರ ಮನೆಯಲ್ಲಿರುವದು. ನಮ್ಮ ಮಣ್ಣಿಗೂ ಈ ಕೊರತೆ ಇದೆ. ಪಂತನಗರದಲ್ಲಿ ಭತ್ತದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಡಾ. ನೇನೆಯವರು 1966 ರಲ್ಲಿ ತೋರಿಸಿಕೊಟ್ಟಂದಿನಿಂದ ರೈತರು ಅದನ್ನು ಬಳಸುತ್ತ ಬಂದಿದ್ದಾರೆ. ಎರಡರ ಹೆಸರೂ ಒಂದೇ ಎಂದು ಆ ಚೀಲದ ಗೊಬ್ಬರವನ್ನು ಯಾರೂ ನಾಯಿಗೆ, ಮಕ್ಕಳಿಗಂತೂ ಸರ್ವಥಾ, ಕೊಡಕೂಡದು. ಅದು ಔಷಧದ ಶುದ್ಧಿಯದಲ್ಲ. ಸೀಸ ಮೊದಲಾದ ವಿಷಗಳು ಅದರಲ್ಲಿ ಬೆರೆತಿರಬಹುದು.

ಇನ್ನೊಂದು ಎಚ್ಚರಿಕೆ. ಇದನ್ನು ಓದಿ, ಕೂದಲುದುರಿದ ನಾಯಿಗೆಲ್ಲ ಸತುವಿನ ಕೊರತೆಯೆಂದು ಹೇಳತೊಡಗಬೇಡಿರಿ. ನಮ್ಮ ಓಣಿಯ ನಾಯಿಗಳಿಗೆ ಬರುವದು ಹೆಚ್ಚಾಗಿ ನಿಜವಾದ ಕಜ್ಜಿಯೇ. ಇಲ್ಲವೆ ಉಣ್ಣೆ, ಚಿಕ್ಕಾಡು, ಹುಳುಕಡ್ಡಿ. ಕಜ್ಜಿಯಲ್ಲಿ ತುರಿಕೆಯು ಅತಿಯಾಗಿ, ಕಿವಿಯ ಅಂಚು ಮೊಣಕೈಗಳಲ್ಲಿ ಮೊದಲಾಗುವದು. ಅದು ಮನುಷ್ಯರಿಗೂ ಕೆಲ ಕಾಲ ತುರಿಕೆ ತರಬಲ್ಲದು. ಸತುವಿನ ಕೊರತೆಯು ಯಾರಿಗೂ ಅಂಟುವದಿಲ್ಲ. ಅಂಗಾಲು ಗಟ್ಟಿಯಾಗುವದು ಡಿಸ್ಟೆಂಪರ್ ಎಂಬ ಘೋರ ಜ್ವರದಲ್ಲಿಯೂ ಉಂಟು. ಕಣ್ಣಿನಿಂದ ನೋಡಿ ಇವನ್ನು ಬೇರ್ಪಡಿಸುವದು ವೈದ್ಯರಿಗೂ ಕಷ್ಟ. ರಕ್ತದಲ್ಲಿಯ ಸತುವನ್ನು ಅಳೆದರೂ ನಿಶ್ಚಯವಾಗದು. ಚರ್ಮದ ಚೂರನ್ನು ತೆಗೆದು ಪರೀಕ್ಷಿಸುವದು ಹೆಚ್ಚು ನಂಬತಕ್ಕ ಮಾರ್ಗ. ಉರಿದ ಎಣ್ಣೆಯಂತೂ ಯಾವ ರೋಗಕ್ಕೂ ಔಷಧವಲ್ಲ.

ಹಾಗಾದರೆ ಏನು ತಿನ್ನಿಸಬೇಕು? ಸತುವು ಸುಲಭವಾಗಿ ದಕ್ಕುವದು ಮಾಂಸ, ಯಕೃತ್ತು, ತತ್ತಿಗಳಿಂದ. ಇಲ್ಲಿ ನಮ್ಮ ಅನೇಕ ಕುಟುಂಬಗಳಿಗೆ ಧರ್ಮಸಂಕಟವುಂಟು. ಮಾಂಸವನ್ನು ಮುಟ್ಟದ ಮನೆಯವರು ದೊಡ್ಡ ತಳಿಯ ನಾಯಿಯನ್ನು ತರುವ ಮುನ್ನವೇ ಈ ವಿಚಾರ ಮಾಡುವದು ಲೇಸೆಂದು ನನ್ನ ಅಭಿಪ್ರಾಯ. ತಂದ ಮೇಲೆ ಅದರ ಹೊಟ್ಟೆಯ ಮೇಲೆ ನಮ್ಮ ಆಚಾರವನ್ನು ಹೇರುವದು ನ್ಯಾಯವಲ್ಲ. ಸಸ್ಯಾಹಾರವನ್ನೇ ಕೊಡುವವರು ಸತುವು ಸೇರಿಸಿ ತಯಾರಿಸಿದ ಸಮತೋಲ ಆಹಾರವನ್ನು ವೈದ್ಯರನ್ನು ಕೇಳಿ ಆರಿಸಬೇಕು. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ರಾತ್ರಿಯೆಲ್ಲ ಹುಳಿ ಬರಿಸಿ ಅಂಬಲಿ ಕಾಸಿದರೆ, ಇಲ್ಲವೆ ಕಾಳನ್ನು ಮೊಳಕೆ ಬರಿಸಿ ಬೇಯಿಸಿದರೆ, ಫೈಟಿಕ್ ಆಮ್ಲವು ಒಂದಿಷ್ಟು ಒಡೆಯುವದು. ನಮ್ಮ ಅಜ್ಜಿಯರು ಈ ಆಮ್ಲದ ಹೆಸರನ್ನು ಕೇಳಿರಲಿಲ್ಲ. ಅಂಬಲಿಯನ್ನು ಮಾತ್ರ ಹುಳಿ ಬರಿಸದೆ ಕಾಸುತ್ತಿರಲಿಲ್ಲ.

ಆ ಹುಡುಗನ ಮನೆಯೂ ಮಾಂಸ ಮುಟ್ಟದ್ದೇ. ವೈದ್ಯರು ಕ್ಯಾಲ್ಸಿಯಮ್ಮಿನ ಪುಡಿಯನ್ನು ನಿಲ್ಲಿಸಿ, ಕೆಲವು ವಾರಗಳ ಮಟ್ಟಿಗೆ ಸತುವಿನ ಗುಳಿಗೆಯನ್ನು ಆಹಾರದೊಡನೆ ಕೊಡಹೇಳಿ, ಮರಿಗಳಿಗೆಂದೇ ಸಿದ್ಧಪಡಿಸಿದ ಆಹಾರವನ್ನೂ ದಿನಕ್ಕೊಂದು ಬೇಯಿಸಿದ ತತ್ತಿಯನ್ನೂ ಸೂಚಿಸಿದರು. ತತ್ತಿಯ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಆಯಿಯ ಮುಖ ನೋಡಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಗಿನ ಒಲಿ ಮ್ಯಾಲ ಕುದಸ್ರಿ, ಬೋಗುಣಿ ಮಾತ್ರ ಒಳಗ ತರಬ್ಯಾಡ್ರಿ" ಎಂದಳಂತೆ.

ಎರಡನೆಯ ವಾರದ ಕೊನೆಗೆ ತುಟಿಯ ಹೊಕ್ಕಳೆಗಳು ಸಡಿಲಾಗಿ ಉದುರಿದವು. ಆರನೆಯ ವಾರಕ್ಕೆ ಕಣ್ಣುಗಳ ಸುತ್ತ ಸಣ್ಣ ಕೂದಲು ಕಾಣಿಸಿತು. ಈಗ ಆ ನಾಯಿಯು ಮುಂಜಾನೆ ಹುಡುಗನನ್ನು ಶಾಲೆಯ ಬಾಗಿಲ ತನಕ ಕಳಿಸಿ ಹೋಗುವದು. ಎತ್ತರವನ್ನು ಕಂಡು ಸಣ್ಣ ವರ್ಗದ ಮಕ್ಕಳು ಅಂಜಿ ಗೋಡೆಗೆ ಸರಿಯುವರು. ಎಡ ಮೊಣಕೈಯ ಮೇಲೆ ಮಾತ್ರ ರೂಪಾಯಿಯಗಲದ ಜಾಗದಲ್ಲಿ ಕೂದಲು ಇನ್ನೂ ಬಂದಿಲ್ಲ.